ಕೈ ಮಾತಾಡುವಾಗ ಕಣ್ಣು ಕೇಳಬೇಕು

ಹಲಸೂರು ಮೆಟ್ರೊ ನಿಲ್ದಾಣದಲ್ಲಿ ಒಂದು ಸಂಜೆ ಇಬ್ಬರು ಹುಡುಗರನ್ನು ನೋಡಿದೆ. ಒಬ್ಬ ನಾನಿದ್ದ ಪ್ಲಾಟ್‌ಫಾರ್ಮಿನಲ್ಲಿ, ಇನ್ನೊಬ್ಬ ಹಳಿಯ ಆಚೆ. ಕೆಳಗೆ ರಸ್ತೆಯ ಹಾರ್ನ್, ಮೇಲೆ ಧ್ವನಿವರ್ಧಕದ ಸದ್ದು. ಅಷ್ಟು ಗದ್ದಲದಲ್ಲೂ ಇಬ್ಬರೂ ಕೈಬೆರಳಲ್ಲೇ ಹರಟುತ್ತಾ ನಗುತ್ತಿದ್ದರು. ನನ್ನ ಪಕ್ಕದಲ್ಲಿದ್ದವರು ಮಾತ್ರ ಫೋನಿನಲ್ಲಿ, “ಹಲೋ, ಕೇಳಿಸ್ತಿಲ್ಲ, ಹಲೋ!” ಎಂದು ಕೂಗುತ್ತಲೇ ಇದ್ದರು. ಅಲ್ಲಿ ಕಿವುಡರು ಯಾರು ಎಂದು ನನಗೇ ಅನುಮಾನ ಬಂತು.

ಮಕ್ಕಳೇ, ಅವರು ಆಡುತ್ತಿದ್ದುದು ಭಾರತೀಯ ಸನ್ನೆ ಭಾಷೆ. ಅದು ಸುಮ್ಮನೆ ಕೈ ಆಡಿಸುವುದಲ್ಲ. ಬೆರಳಿನ ಆಕಾರ, ಕೈ ಇರುವ ಜಾಗ, ಅದು ಚಲಿಸುವ ರೀತಿ, ಅಂಗೈ ತಿರುಗಿರುವ ದಿಕ್ಕು, ಮುಖದ ಭಾವ, ಇವೆಲ್ಲ ಸೇರಿದರೇ ಒಂದು ಮಾತು. ವ್ಯಾಕರಣವೂ ಉಂಟು. ಪ್ರಶ್ನೆ ಕೇಳುವಾಗ ‘ನಿನ್ನ ಹೆಸರು ಏನು’ ಎಂದು ನಮ್ಮ ಕನ್ನಡದಂತೆಯೇ ‘ಏನು’ ಕೊನೆಗೆ ಬರುತ್ತದೆ. ಹೌದು ಅಥವಾ ಅಲ್ಲ ಎಂಬ ಉತ್ತರ ಬೇಕಾದ ಪ್ರಶ್ನೆಗೆ ಹುಬ್ಬು ಮೇಲೇರುತ್ತದೆ.

ಇದನ್ನು ಜಗತ್ತು ಒಪ್ಪಲು ಬಹಳ ಕಾಲ ಹಿಡಿಯಿತು. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸಭೆ ಸೇರಿದ ಶಿಕ್ಷಕರು, ಕಿವುಡ ಮಕ್ಕಳಿಗೆ ಬಾಯಿಮಾತಿನಲ್ಲೇ ಪಾಠ ಹೇಳಬೇಕು, ಸನ್ನೆ ಬೇಡ ಎಂದು ತೀರ್ಮಾನಿಸಿದರು. ಎಷ್ಟೋ ಶಾಲೆಗಳಲ್ಲಿ ಮಕ್ಕಳ ಕೈ ಕಟ್ಟಿದಂತಾಯಿತು. ಸನ್ನೆ ಭಾಷೆಯೂ ಪೂರ್ಣ ಭಾಷೆಯೇ ಎಂದು ಅಮೆರಿಕದ ವಿಲಿಯಂ ಸ್ಟೋಕಿ ತೋರಿಸಿಕೊಟ್ಟದ್ದು 1960ರಲ್ಲಿ.

ಆ ತಪ್ಪಿನ ಒಂದು ತುಣುಕು ನನ್ನ ಪಾಲಿಗೂ ಇದೆ. ಶಿವಾಜಿನಗರದ ಬ್ಯಾಂಕ್ ಶಾಖೆಯೊಂದರಲ್ಲಿ ನಾನು ಕೌಂಟರಿನಲ್ಲಿದ್ದ ಕಾಲ. ಕಿವಿ ಕೇಳದ ಟೈಲರ್ ಒಬ್ಬರು ಹಣ ತೆಗೆಯಲು ಬರುತ್ತಿದ್ದರು. ನಾನು ಲೆಡ್ಜರಿನಿಂದ ತಲೆ ಎತ್ತದೆ, ಅವರ ಖಾತೆಯಲ್ಲಿ ಎಷ್ಟು ಉಳಿದಿದೆ ಎಂದು ಗಟ್ಟಿಯಾಗಿ ಹೇಳುತ್ತಿದ್ದೆ. ಸಾಲಿನಲ್ಲಿದ್ದವರಿಗೆಲ್ಲ ಅವರ ಲೆಕ್ಕ ಕೇಳಿಸುತ್ತಿತ್ತು, ಅವರೊಬ್ಬರಿಗೆ ಬಿಟ್ಟು! ಒಂದು ದಿನ ಜೊತೆಗೆ ಬಂದಿದ್ದ ಅವರ ಮಗ, ಎಂಟೊಂಬತ್ತು ವರ್ಷದವನು, “ಅಂಕಲ್, ಕೂಗಬೇಡಿ, ಅಪ್ಪನ ಕಡೆ ನೋಡಿ” ಎಂದ. ಒಂದು ಚೀಟಿಯಲ್ಲಿ ಬರೆದುಕೊಡಬಹುದಿತ್ತಲ್ಲ ಎಂಬುದು ನನಗೆ ಹೊಳೆದದ್ದೇ ಆಗ.

ಸನ್ನೆ ಭಾಷೆ ಕಿವುಡ ಮಕ್ಕಳಿಗೆ ಮಾತ್ರ ಕಲಿಸಿದರೆ ಸಾಲದು. ಪಕ್ಕದ ಬೆಂಚಿನವನಿಗೂ ಬಂದರೆ ತಾನೇ ಅವರಿಗೊಬ್ಬ ಗೆಳೆಯ? ಆದರೆ ಪುಸ್ತಕದ ಚಿತ್ರದಲ್ಲಿ ಕೈಯ ಚಲನೆ ಕಾಣದು. ವಿಡಿಯೊದಲ್ಲಿ ಗುರುಗಳು ಎದುರಿಗಿರುವುದರಿಂದ ಎಡಬಲ ಗೊಂದಲ. ನಾವು ತಪ್ಪಿದರೆ ವಿಡಿಯೊ ತಿದ್ದುವುದೂ ಇಲ್ಲ.

ಇಲ್ಲಿ ನೆರವಿಗೆ ಬರುವುದು ವರ್ಚುಯಲ್ ರಿಯಾಲಿಟಿ, ಅಂದರೆ ವಿ.ಆರ್. ಈಜುಗಾರರ ಕನ್ನಡಕದಂತೆ, ಇನ್ನಷ್ಟು ದಪ್ಪಗೆ ಇರುವ ಸಾಧನವನ್ನು ತಲೆಗೆ ಕಟ್ಟಿಕೊಂಡರೆ ಎರಡು ಕಣ್ಣಿಗೂ ತುಸು ಬೇರೆ ಬೇರೆ ಚಿತ್ರ ಕಾಣುತ್ತದೆ. ಮಿದುಳು ಎರಡನ್ನೂ ಬೆಸೆದು, ನಾವು ಬೇರೊಂದು ಕೋಣೆಯಲ್ಲೇ ನಿಂತಿದ್ದೇವೆ ಎಂದು ನಂಬುತ್ತದೆ. ಸಾಧನದ ಹೊರಗಿನ ಕ್ಯಾಮೆರಾಗಳು ನಮ್ಮ ಬೆರಳ ಗೆಣ್ಣುಗಳನ್ನು ಗುರುತಿಸುತ್ತಿರುತ್ತವೆ.

ಅಮೆರಿಕದ ವಾಷಿಂಗ್ಟನ್‌ನಲ್ಲಿ ಗ್ಯಾಲಾಡೆಟ್ ವಿಶ್ವವಿದ್ಯಾಲಯವಿದೆ. ಕಿವುಡರಿಗಾಗಿಯೇ 1864ರಲ್ಲಿ ಆರಂಭವಾದದ್ದು. ಅಲ್ಲಿನ ಸಂಶೋಧಕರು ‘ಎಎಸ್‌ಎಲ್ ಚಾಂಪ್’ ಎಂಬ ವಿ.ಆರ್. ಆಟ ರೂಪಿಸಿದ್ದಾರೆ. ಕಲಿಯುವವರು ಒಂದು ಕಾಫಿ ಅಂಗಡಿಯೊಳಗೆ ಇದ್ದಂತೆ ಕಾಣುತ್ತದೆ. ಗೊಂಬೆ ಗುರು ಸನ್ನೆ ತೋರಿಸುತ್ತದೆ, ನಾವು ಅನುಸರಿಸಿದರೆ ಕಂಪ್ಯೂಟರ್ ಸರಿತಪ್ಪು ಹೇಳುತ್ತದೆ. ತಪ್ಪಿದರೆ ನಗುವವರಿಲ್ಲ, ಮತ್ತೆ ಮತ್ತೆ ಮಾಡಬಹುದು.

ಆದರೆ ಇದನ್ನೇ ತಂದು ನಮ್ಮ ಮಕ್ಕಳಿಗೆ ಕೊಡಲಾಗದು. ಅಮೆರಿಕದ ಸನ್ನೆ ಬೇರೆ, ನಮ್ಮದು ಬೇರೆ. ಇಂಗ್ಲಿಷ್ ಅಕ್ಷರ ತೋರಿಸಲು ಅವರಿಗೆ ಒಂದೇ ಕೈ ಸಾಕು. ನಮ್ಮಲ್ಲಿ ಬಹುಪಾಲು ಅಕ್ಷರಗಳಿಗೆ ಎರಡೂ ಕೈ ಬೇಕು. ಒಂದು ಕೈ ಇನ್ನೊಂದನ್ನು ಮರೆ ಮಾಡಿದರೆ ಕ್ಯಾಮೆರಾ ತಡವರಿಸುತ್ತದೆ. ಇನ್ನೊಂದು ತೊಡಕು: ಆ ಕನ್ನಡಕ ಮುಚ್ಚುವುದೇ ಹುಬ್ಬನ್ನು!

ಹಳೆಯ ಗುಮಾಸ್ತನಲ್ಲವೇ, ಲೆಕ್ಕವನ್ನೂ ಹಾಕಿದೆ. ಒಂದು ಸಾಧನಕ್ಕೆ ಹತ್ತಾರು ಸಾವಿರ ರೂಪಾಯಿ. ತರಗತಿಯಲ್ಲಿ 40 ಮಕ್ಕಳು, 40 ನಿಮಿಷದ ಪೀರಿಯಡ್, ಸಾಧನ ಒಂದೇ ಇದ್ದರೆ ತಲೆಗೆ ಒಂದು ನಿಮಿಷ. ಕಟ್ಟಿ ಬಿಚ್ಚುವುದರಲ್ಲೇ ಅದು ಮುಗಿಯುತ್ತದೆ. ತೀರ ಚಿಕ್ಕ ಮಕ್ಕಳಿಗೆ ಬೇಡವೆಂದು ತಯಾರಕರೇ ವಯಸ್ಸಿನ ಮಿತಿ ಹಾಕಿದ್ದಾರೆ. ಆದ್ದರಿಂದ ವಿ.ಆರ್. ಅಭ್ಯಾಸದ ಮನೆಯಾಗಲಿ, ಗುರುವಿನ ಜಾಗಕ್ಕೆ ಕಿವುಡ ಶಿಕ್ಷಕರೇ ಬರಲಿ. ಅವರ ಭಾಷೆಯನ್ನು ಅವರಿಂದಲೇ ಕಲಿಯುವುದು ನ್ಯಾಯ.

ಕಾಸಿಲ್ಲದೆ ಕಲಿಯುವ ದಾರಿಯೂ ಇದೆ. ದೆಹಲಿಯಲ್ಲಿ 2015ರಲ್ಲಿ ಆರಂಭವಾದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 2018ರಲ್ಲಿ 3,000 ಪದಗಳ ವಿಡಿಯೊ ನಿಘಂಟು ತಂದಿತು. 2021ರ ಹೊತ್ತಿಗೆ ಅದು 10,000 ಪದಗಳಿಗೆ ಬೆಳೆಯಿತು. ಮೊಬೈಲಿನಲ್ಲೇ ನೋಡಬಹುದು. ನಮ್ಮ ಲಿಂಗರಾಜಪುರದಲ್ಲಿ, 1959ರಿಂದ ಅಂಗವಿಕಲರಿಗಾಗಿ ದುಡಿಯುತ್ತಿರುವ ಎಪಿಡಿ ಸಂಸ್ಥೆಯ ಶಾಲೆಯಲ್ಲಿ ಅಂಗವಿಕಲ ಮಕ್ಕಳೂ ಇತರ ಮಕ್ಕಳೂ ಒಟ್ಟಿಗೆ ಓದುತ್ತಾರೆ. ಒಟ್ಟಿಗೆ ಕೂತರೆ ಅರ್ಧ ಪಾಠ ಅಲ್ಲೇ ಆಗುತ್ತದೆ.

ಅಜ್ಜ ಅಜ್ಜಿಯರೇ, ಇದು ನಮಗೂ ಬೇಕು. ನನ್ನ ಕಿವಿಯೂ ಈಗ ಮೊದಲಿನಂತಿಲ್ಲ. ಮೊಮ್ಮಕ್ಕಳು “ಅಜ್ಜಾ!” ಎಂದು ಕೂಗಿ ಸುಸ್ತಾಗುವ ಮುನ್ನ ದಿನಕ್ಕೊಂದು ಸನ್ನೆ ಜೊತೆಯಾಗಿ ಕಲಿಯೋಣ. ‘ನಮಸ್ತೆ’ ನಿಮಗೆ ಆಗಲೇ ಗೊತ್ತು, ಕೈ ಜೋಡಿಸಿದರೆ ಆಯಿತು. ಎರಡನೆಯದು ಚಪ್ಪಾಳೆ: ಎರಡೂ ಕೈ ಮೇಲೆತ್ತಿ, ಬೆರಳು ಅಗಲಿಸಿ, ಅಂಗೈಗಳನ್ನು ಅತ್ತಿತ್ತ ಹೊರಳಿಸಿ. ಸದ್ದಿಲ್ಲ, ಆದರೆ ಎಲ್ಲರಿಗೂ ಕಾಣುತ್ತದೆ.

ಸೆಪ್ಟೆಂಬರ್ 23 ಅಂತರರಾಷ್ಟ್ರೀಯ ಸನ್ನೆ ಭಾಷೆಗಳ ದಿನ. ಅಂದು ನಿಮ್ಮ ಶಾಲೆಯ ಸಭೆಯಲ್ಲಿ ಒಮ್ಮೆ ಈ ಚಪ್ಪಾಳೆ ತಟ್ಟಿ ನೋಡಿ.