ಅಂತ್ಯವನ್ನು ಬರೆಯದ ಭಯದ ಕಥೆ

ಭಯದ ಕಥೆಯನ್ನು ಓದುವವನಿಗೆ ಎರಡು ರಕ್ಷಣೆಗಳುಂಟು. ಬೇಡವೆನಿಸಿದಾಗ ಪುಸ್ತಕ ಮುಚ್ಚಬಹುದು. ಮುಚ್ಚದಿದ್ದರೂ ಅಂತ್ಯವನ್ನು ಲೇಖಕ ಆಗಲೇ ನಿಶ್ಚಯಿಸಿಟ್ಟಿರುವುದರಿಂದ ಅದರಲ್ಲಿ ತನ್ನ ಹೊಣೆಯೇನೂ ಇಲ್ಲ. ಈ ಎರಡನೆಯ ರಕ್ಷಣೆಯನ್ನು ಕಿತ್ತುಕೊಳ್ಳುವ ಬರವಣಿಗೆಯೊಂದು ಅಮೆರಿಕದಲ್ಲಿ ಬೆಳೆದಿದೆ. ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯದ ಆಟಗಳಿಗೆಂದು ಅಭಿಮಾನಿಗಳೇ ರಚಿಸುವ ಕಿರು ಕಥಾಹಂದರಗಳು ಇವು.

ಆಟದ ಸ್ವರೂಪ ಸರಳವಾದುದು. ನಾಲ್ಕಾರು ಮಂದಿ ಒಂದೊಂದು ಪಾತ್ರವನ್ನು ವಹಿಸಿಕೊಂಡು, ತಾವು ಮಾಡುವುದೇನೆಂಬುದನ್ನು ಮಾತಿನಲ್ಲೇ ಹೇಳುತ್ತಾರೆ. ಮಿಕ್ಕ ಲೋಕವನ್ನೆಲ್ಲ ಒಬ್ಬ ನಿರೂಪಕ ನಡೆಸುತ್ತಾನೆ. ಸಂದೇಹವಿದ್ದೆಡೆ ದಾಳ ತೀರ್ಮಾನಿಸುತ್ತದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ವೀರರ ಸಾಹಸದ ಆಟ. 1981ರಲ್ಲಿ ಸ್ಯಾಂಡಿ ಪೀಟರ್ಸನ್ ರಚಿಸಿದ ‘ಕಾಲ್ ಆಫ್ ಕ್ತುಲ್ಹು’ ಇದನ್ನು ತಲೆಕೆಳಗು ಮಾಡಿತು. ಎಚ್. ಪಿ. ಲವ್‌ಕ್ರಾಫ್ಟ್‌ನ (1890–1937) ಕಥಾಲೋಕವನ್ನು ಆಧರಿಸಿದ ಈ ಆಟದ ಪಾತ್ರಗಳು ಗ್ರಂಥಪಾಲಕರು, ಪತ್ರಕರ್ತರು, ವೈದ್ಯರು, ಖಡ್ಗ ಹಿಡಿದವರಲ್ಲ. ಪ್ರತಿಯೊಬ್ಬನಿಗೂ ಚಿತ್ತಸ್ವಾಸ್ಥ್ಯದ ಇಷ್ಟು ಅಂಕಗಳೆಂದು ಇರುತ್ತವೆ. ಕಾಣಬಾರದುದನ್ನು ಕಂಡಾಗ ಅವು ಕರಗುತ್ತವೆ. ಇದಕ್ಕಿಂತ ಸೂಕ್ಷ್ಮವಾದ ನಿಯಮ ಇನ್ನೊಂದುಂಟು: ಆ ಗುಪ್ತಲೋಕದ ಜ್ಞಾನ ಹೆಚ್ಚಿದಷ್ಟೂ ಸ್ವಾಸ್ಥ್ಯದ ಗರಿಷ್ಠ ಮಿತಿಯೇ ಇಳಿಯುತ್ತದೆ. ತಿಳಿಯದೆ ಪಾರಾಗುವಂತಿಲ್ಲ, ತಿಳಿದರೆ ಉಳಿಯುವಂತಿಲ್ಲ. ಒಬ್ಬ ಕಥೆಗಾರನ ದರ್ಶನವನ್ನು ಇಷ್ಟು ನಿಷ್ಠುರವಾಗಿ ಲೆಕ್ಕಕ್ಕೆ ಇಳಿಸಿದ ಈ ನಿಯಮ ನನಗಂತೂ ವಿಮರ್ಶೆಯ ಒಂದು ಬಗೆಯಾಗಿಯೇ ತೋರುತ್ತದೆ.

ಇದೇ ಪರಂಪರೆಯಿಂದ 1990ರ ದಶಕದಲ್ಲಿ ಹುಟ್ಟಿದ ‘ಡೆಲ್ಟಾ ಗ್ರೀನ್’ ಆಟದ ಅಭಿಮಾನಿಗಳು ‘ಷಾಟ್‌ಗನ್’ ಎಂದು ಕರೆಯುವ ಕಿರು ಹಂದರಗಳಿಗೆ ಸ್ಪರ್ಧೆಯನ್ನೇ ಏರ್ಪಡಿಸಿದರು. ಮಿತಿ 1,500 ಪದ. ಅಷ್ಟರಲ್ಲಿ ರಾಕ್ಷಸಾಕಾರಗಳ ವರ್ಣನೆಗೆ ಎಡೆಯೆಲ್ಲಿ?

ಒಂದು ಉದಾಹರಣೆಯನ್ನು ನಾವೇ ಕಲ್ಪಿಸಿಕೊಳ್ಳೋಣ. 1920ರ ದಶಕ, ಮ್ಯಾಸಚೂಸೆಟ್ಸ್ ಕರಾವಳಿಯಲ್ಲಿ ಹಡಗುಗಳಿಗೆ ದಾರಿ ತೋರುವ ಒಂದು ದೀಪಸ್ತಂಭ. ಅದರ ಕಾವಲುಗಾರನನ್ನು ಹೂಳಿ ತಿಂಗಳಾಗಿದೆ. ಆದರೂ ದೀಪ ಉರಿಯುತ್ತಿದೆ, ದಿನಚರಿಯಲ್ಲಿ ಪ್ರತಿರಾತ್ರಿಯೂ ಅವನದೇ ಕೈಬರಹ ಮುಂದುವರಿದಿದೆ. ಕಥೆಗಾರನಾದರೆ ಆ ದಿನಚರಿಯನ್ನು ತನಗೆ ಬೇಕಾದ ಗಳಿಗೆಯಲ್ಲಿ ನಾಯಕನ ಕೈಗಿತ್ತಾನು. ಹಂದರ ಬರೆಯುವವನಿಗೆ ಆ ಸೌಕರ್ಯವಿಲ್ಲ. ಆಟಗಾರರು ಅದನ್ನು ತೆರೆಯದೆಯೇ ಹೋಗಬಹುದು. ಆದ್ದರಿಂದ ಅದೇ ಸತ್ಯ ಸೀಮೆಎಣ್ಣೆಯ ಲೆಕ್ಕದಲ್ಲೂ ದೋಣಿಯವನ ಮಾತಿನಲ್ಲೂ ಸಿಗುವಂತೆ ಇಟ್ಟಿರಬೇಕು. ಎಲ್ಲವೂ ಒಂದೇ ದಾಳದ ಮೇಲೆ ನಿಂತರೆ, ದಾಳ ಕೈಕೊಟ್ಟೊಡನೆ ಆಟವೂ ನಿಲ್ಲುತ್ತದೆ. 2008ರ ‘ಟ್ರೇಲ್ ಆಫ್ ಕ್ತುಲ್ಹು’ ಅವಶ್ಯ ಸುಳಿವುಗಳನ್ನು ದಾಳದ ಹಂಗಿನಿಂದಲೇ ಬಿಡಿಸಿತು.

ದುರ್ಬಲ ಹಂದರಗಳು ಎಡವುವುದು ಕೊನೆಯಲ್ಲಿ. ಬರೆಯುವವನಿಗೆ ತನ್ನ ಅಂತ್ಯದ ಮೇಲೆ ಮೋಹ. ಆಟಗಾರರು ಏನು ಮಾಡಿದರೂ ಅಲ್ಲಿಗೇ ಬರುವಂತೆ ಬಾಗಿಲುಗಳನ್ನು ಮುಚ್ಚುತ್ತ ಹೋಗುತ್ತಾನೆ. ಅಲ್ಲಿಗೆ ಅವರು ಪ್ರೇಕ್ಷಕರಾದರು, ಭಯವೂ ತೀರಿತು. ಬರೆದ ಪ್ರಸಂಗಕ್ಕೆ ಆಶುವಾಗಿ ಅರ್ಥ ಹೇಳುವ ನಮ್ಮ ತಾಳಮದ್ದಳೆ ಇಲ್ಲಿ ನೆನಪಾಗುವುದು ಸಹಜ. ಆದರೆ ಅಲ್ಲಿ ಕರ್ಣನ ಸಾವು ನಿಶ್ಚಿತ. ಇಲ್ಲಿ ನಿಶ್ಚಿತವಾದುದು ಸನ್ನಿವೇಶ ಮಾತ್ರ.

ನಮ್ಮ ದೀಪಸ್ತಂಭಕ್ಕೇ ಮರಳಿದರೆ, ದೀಪವನ್ನು ಆರಿಸಿದಲ್ಲದೆ ಬರೆಯುವ ಆ ಕೈ ನಿಲ್ಲದು. ಅದೇ ರಾತ್ರಿ ಪ್ರಯಾಣಿಕರ ಹಡಗೊಂದು ಕೆಳಗಿನ ಬಂಡೆಗಳತ್ತ ಬರುತ್ತಿದೆ. ಬಲ್ಲ ಲೇಖಕ ಇಲ್ಲಿ ಲೇಖನಿಯನ್ನು ಕೆಳಗಿಡುತ್ತಾನೆ. ಮೇಜಿನ ಸುತ್ತ ಕುಳಿತವರಲ್ಲಿ ಯಾರಾದರೊಬ್ಬರು ‘ದೀಪ ಆರಿಸುತ್ತೇನೆ’ ಎಂದು ಬಾಯಿಬಿಟ್ಟು ಹೇಳಬೇಕು. ಉಳಿದವರು ಒಪ್ಪಬೇಕು, ಇಲ್ಲವೇ ತಡೆಯಬೇಕು.