ಕೊಳ್ಳ, ಖೋರೆ ಮತ್ತು ಗೋಕಾಕದ ನೀರು

ಕಳೆದ ವರ್ಷದ ಮಳೆಗಾಲದಲ್ಲಿ ನಮ್ಮ ವಿಭಾಗದ ಅಭ್ಯಾಸ ಪ್ರವಾಸವು ಗೋಕಾಕ ಜಲಪಾತಕ್ಕೆ ಹೋಗಿತ್ತು. ತೂಗುಸೇತುವೆಯ ಬಳಿ ನಿಂತು ಎಲ್ಲರೂ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದಾಗ ಜತ್ತ ತಾಲೂಕಿನ ಒಬ್ಬ ವಿದ್ಯಾರ್ಥಿನಿ ನನ್ನ ಪಕ್ಕಕ್ಕೆ ಬಂದು, “ಸರ್, ಇಷ್ಟೊಂದು ನೀರು ಸುಮ್ನ ಬೀಳಾಕತ್ತೈತಲ್ರಿ, ಇದು ಯಾರ ನೀರ್ರಿ?” ಎಂದು ಕೇಳಿದಳು. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ಊರಿನಿಂದ ಬಂದವಳ ಪ್ರಶ್ನೆ ಅದು. ನಾನು “ಕೃಷ್ಣೆಯದು” ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟೆ. ಉತ್ತರ ತಪ್ಪಲ್ಲ, ಆದರೆ ಅಧ್ಯಾಪಕನಾದವನು ಅಷ್ಟಕ್ಕೇ ನಿಲ್ಲಬಾರದಿತ್ತು. ಈ ವರ್ಷವೂ ಪ್ರವಾಸ ಹೊರಡಲಿರುವುದರಿಂದ ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಿರಜದಿಂದ ಬೆಳಗಾವಿಯ ಕಡೆಗೆ ಹೋಗುವ ರೈಲು ಉಗಾರವನ್ನು ದಾಟಿ ಕುಡಚಿಯ ಬಳಿ ಕೃಷ್ಣೆಯ ಸೇತುವೆಯನ್ನೇರುತ್ತದೆ. ಅಲ್ಲಿಯವರೆಗೆ ಕಿಟಕಿಯಾಚೆ ಕಾಣುವುದು ನಮಗೆ ಪರಿಚಿತವಾದ ಎರೆಭೂಮಿ, ಕಬ್ಬು, ಸಮತಟ್ಟಾದ ಹೊಳೆದಂಡೆ. ಸಾಂಗ್ಲಿ ಮಿರಜಗಳ ನೆಲದಡಿಯಲ್ಲಿರುವುದು ಕಪ್ಪು ಕಲ್ಲು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಡಿದ ಲಾವಾರಸದಿಂದಾದ ಶಿಲೆ. ರಾಯಬಾಗವನ್ನು ಹಿಂದೆ ಹಾಕಿ ಘಟಪ್ರಭಾ ನಿಲ್ದಾಣದ ಕಡೆಗೆ ಸಾಗಿದಂತೆ ಆ ಕಪ್ಪು ಹೊದಿಕೆ ಸರಿದು, ಅದಕ್ಕಿಂತ ಎಷ್ಟೋ ಪಟ್ಟು ಹಳೆಯದಾದ ಮರಳುಗಲ್ಲು ತಲೆಯೆತ್ತುತ್ತದೆ. ಭೂವಿಜ್ಞಾನಿಗಳು ಇದನ್ನು ಕಲಾದಗಿ ಶಿಲಾಸಮೂಹವೆಂದು ಕರೆಯುತ್ತಾರೆ. ಚಾಲುಕ್ಯರು ಗುಹೆಗಳನ್ನು ಕೊರೆದ ಬಾದಾಮಿಯ ಕೆಂಗಲ್ಲು ಇದರ ಬಂಧು. ಗೋಕಾಕದ ಜಲಪಾತ ಅಲ್ಲಿಯೇ ಏಕೆ ಇದೆ ಎಂಬುದಕ್ಕೆ ಮೊದಲ ಉತ್ತರ ಈ ಕಲ್ಲಿನಲ್ಲಿದೆ.

ಸಹ್ಯಾದ್ರಿಯಲ್ಲಿ, ಮಹಾರಾಷ್ಟ್ರದ ನೆಲದಲ್ಲಿಯೇ ಹುಟ್ಟುವ ಘಟಪ್ರಭೆಯು ಆಂಬೋಲಿಯ ಕಡೆಯಿಂದ ಬರುವ ಹಿರಣ್ಯಕೇಶಿಯನ್ನು ಕೂಡಿಕೊಂಡು ಪೂರ್ವಕ್ಕೆ ಹರಿಯುತ್ತದೆ. ಗೋಕಾಕದ ಸಮೀಪ ಮರಳುಗಲ್ಲಿನ ಅಂಚಿಗೆ ಬಂದು ಸುಮಾರು 52 ಮೀಟರ್, ಎಂದರೆ 170 ಅಡಿಯಷ್ಟು ಆಳಕ್ಕೆ ಧುಮ್ಮಿಕ್ಕುತ್ತದೆ. ಮೇಲಿನಿಂದ ನೋಡಿದರೆ ಅಂಚು ಕುದುರೆಯ ಲಾಳದಂತೆ ಬಾಗಿದೆ. ನೀರು ಕಡಿಮೆಯಿರುವ ದಿನ ಹೋದರೆ ಒಂದು ಲಾಭವುಂಟು: ಕಲ್ಲಿನಲ್ಲಿ ಮೇಲಿನಿಂದ ಕೆಳಕ್ಕೆ ಇಳಿದಿರುವ ನೇರವಾದ ಬಿರುಕುಗಳು ಸ್ಪಷ್ಟವಾಗಿ ಕಾಣುತ್ತವೆ. ನೀರು ಈ ಬಿರುಕುಗಳಲ್ಲಿ ಇಳಿದು, ಬುಡವನ್ನು ಕೊರೆದು, ಬಂಡೆಗಳನ್ನು ಸಡಿಲಿಸುತ್ತದೆ. ಕಾಲಾಂತರದಲ್ಲಿ ಒಂದು ಬಂಡೆ ಕಳಚಿ ಬೀಳುತ್ತದೆ. ಅಂಚು ಅಷ್ಟು ಹಿಂದಕ್ಕೆ ಸರಿಯುತ್ತದೆ. ಹೀಗೆ ಜಲಪಾತವು ಯುಗಯುಗಗಳಿಂದ ಪ್ರವಾಹಕ್ಕೆ ಎದುರಾಗಿ, ಮೂಲದ ಕಡೆಗೆ ಹೆಜ್ಜೆಯಿಡುತ್ತ ಬಂದಿದೆ. ಕೆಳಗೆ ಕಾಣುವ ಕಡಿದಾದ ಕಮರಿ ಬೇರೇನೂ ಅಲ್ಲ, ಅದು ನಡೆದುಬಂದ ದಾರಿ. ಆದ್ದರಿಂದ ಬೀಳುವ ನೀರನ್ನಷ್ಟೇ ನೋಡಿ ತಿರುಗಿ ಬರಬೇಡಿ. ಬೆನ್ನು ತಿರುಗಿಸಿ ಕಮರಿಯನ್ನೂ ಒಂದು ಗಳಿಗೆ ನೋಡಿ.

ಮೊಬೈಲಿನಲ್ಲಿ ನೀವು ಮೆಚ್ಚಿಕೊಳ್ಳುವ ಸ್ವಿಟ್ಜರ್ಲೆಂಡಿನ ಜಲಪಾತಗಳ ಕಥೆ ಇದಕ್ಕಿಂತ ಭಿನ್ನವಾದದ್ದು. ಆಲ್ಪ್ಸ್ ಪರ್ವತಗಳಲ್ಲಿ ಒಂದು ಕಾಲಕ್ಕೆ ಹಿಮನದಿಗಳು ಹಾಸಿದ್ದವು. ದೊಡ್ಡ ಹಿಮನದಿ ಮುಖ್ಯ ಕಣಿವೆಯನ್ನು ಆಳವಾಗಿ ಕೆರೆಯಿತು; ಪಕ್ಕದ ಸಣ್ಣ ಕಣಿವೆಗಳು ಮೇಲೆಯೇ ತೂಗಿಕೊಂಡು ಉಳಿದವು. ಹಿಮ ಕರಗಿದ ಮೇಲೆ ಆ ಪಕ್ಕದ ತೊರೆಗಳು ಎತ್ತರದ ಗೋಡೆಯಿಂದ ಧುಮುಕತೊಡಗಿದವು. ಲೌಟರ್‌ಬ್ರುನ್ನೆನ್ ಕಣಿವೆಯ ಸ್ಟೌಬಾಖ್ ಜಲಪಾತ ಸುಮಾರು 300 ಮೀಟರ್ ಎತ್ತರದ್ದು, ಗೋಕಾಕದ ಐದಾರು ಪಟ್ಟು. ಆದರೆ ಅದರ ನೀರು ತೆಳುವಾಗಿ, ಗಾಳಿಗೆ ಧೂಳಿನಂತೆ ಚದುರಿಹೋಗುತ್ತದೆ, ಹೆಸರಿನಲ್ಲಿಯೇ ಧೂಳಿದೆ. ಅಲ್ಲಿಯ ತೊರೆಗಳನ್ನು ತುಂಬಿಸುವುದು ವಸಂತ ಗ್ರೀಷ್ಮಗಳಲ್ಲಿ ಕರಗುವ ಹಿಮ. ಅದೇ ಮೇ ತಿಂಗಳಲ್ಲಿ ನಮ್ಮ ಗೋಕಾಕ ಬರಿಯ ಬಂಡೆಯಾಗಿ ನಿಂತಿರುತ್ತದೆ.

ಇನ್ನು ನಮ್ಮ ವಿಷಯಕ್ಕೆ, ಎಂದರೆ ಶಬ್ದಗಳಿಗೆ ಬರೋಣ. ನಾನು ಪ್ರಾಥಮಿಕ ಶಿಕ್ಷಣವನ್ನು ಕನ್ನಡದಲ್ಲಿಯೂ ಮುಂದಿನದನ್ನು ಮರಾಠಿಯಲ್ಲಿಯೂ ಪಡೆದವನು. ‘ಜಲಪಾತ’ ಎಂಬುದನ್ನು ಪುಸ್ತಕದಿಂದ ಕಲಿತೆ. ಅದಕ್ಕೂ ಮೊದಲೇ ಕಿವಿಗೆ ಬಿದ್ದದ್ದು ಮರಾಠಿಯ ‘ಧಬಧಬಾ’. ಹಳೆಯ ಕನ್ನಡ ಬರಹಗಳಲ್ಲಿ ‘ದಬದಬೆ’ ಎಂಬ ರೂಪವನ್ನು ಕಂಡಾಗ ನನಗಾದ ಸಂತೋಷ ಸಣ್ಣದಲ್ಲ. ಎರಡು ಭಾಷೆಗಳೂ ಒಂದೇ ಸದ್ದಿಗೆ ಕಿವಿಗೊಟ್ಟಿವೆ. ಮಲೆನಾಡಿನವರು ‘ಅಬ್ಬಿ’ ಎನ್ನುತ್ತಾರೆ. ತಮಿಳಿನ ‘ಅರುವಿ’ ಅದರ ಸೋದರಿ. ಆದರೆ ಇವೆಲ್ಲಕ್ಕಿಂತ ನನ್ನ ಗಮನ ಸೆಳೆದಿರುವುದು ‘ಕೊಳ್ಳ’. ಗೋಕಾಕದ ಹತ್ತಿರವೇ ಯೋಗಿಕೊಳ್ಳವಿದೆ; ಅಲ್ಲಿ ಕೊಳ್ಳ ಎಂದರೆ ಗುಡ್ಡಗಳ ನಡುವಿನ ಇಕ್ಕಟ್ಟಾದ ತಗ್ಗು. ವೃತ್ತಪತ್ರಿಕೆಯಲ್ಲಿ ‘ಕೃಷ್ಣಾ ಕೊಳ್ಳ’ ಎಂದು ಓದಿದಾಗ ಅದೇ ಶಬ್ದವು ನೂರಾರು ಹರದಾರಿ ವಿಸ್ತಾರವನ್ನು, ಕೃಷ್ಣೆಗೆ ನೀರುಣಿಸುವ ಸಮಸ್ತ ಭೂಮಿಯನ್ನು ಸೂಚಿಸುತ್ತದೆ. ಸಾಂಗ್ಲಿಯ ಮರಾಠಿ ಪತ್ರಿಕೆಗಳಲ್ಲಿ ನಿತ್ಯವೂ ಬರುವ ‘ಕೃಷ್ಣಾ ಖೋರೆ’ಯ ಅರ್ಥವೂ ಇದೇ. ಇಂಗ್ಲಿಷಿನಲ್ಲಿ ಕಮರಿಗೊಂದು, ಜಲಾನಯನಕ್ಕೊಂದು ಬೇರೆಬೇರೆ ಶಬ್ದಗಳಿವೆ. ನಮ್ಮ ರೈತ ಎರಡನ್ನೂ ಒಂದೇ ಶಬ್ದದಲ್ಲಿ ಹಿಡಿದಿದ್ದಾನೆ.

ಆ ಹುಡುಗಿಯ ಪ್ರಶ್ನೆಗೆ ದಾರಿ ಇಲ್ಲಿಂದಲೇ ತೆರೆಯುತ್ತದೆ. ಗೋಕಾಕದಲ್ಲಿ ಬೀಳುವ ನೀರು ‘ಸುಮ್ಮನೆ’ ಬೀಳುತ್ತಿಲ್ಲ. ಮೇಲ್ಭಾಗದಲ್ಲಿ ಹಿಡಕಲ್ ಜಲಾಶಯವಿದೆ. ಅದರ ಕೆಳಗೆ, ಜಲಪಾತಕ್ಕೆ ಮೊದಲು, ಬ್ರಿಟಿಷರ ಕಾಲದ ಧೂಪದಾಳದ ಒಡ್ಡು ಇದೆ. ಅಲ್ಲಿಂದ ಕಾಲುವೆಯ ಮೂಲಕ ಹೊಲಗಳಿಗೆ ಹೋಗುವ ನೀರು ಹೋಗಿ, ಉಳಿದದ್ದು ಅಂಚಿಗೆ ಬರುತ್ತದೆ. ಅದರಲ್ಲಿಯೂ ಒಂದು ಪಾಲು ಪಕ್ಕದ ಕೊಳವೆಗಳಲ್ಲಿ ಇಳಿದು ಚಕ್ರ ತಿರುಗಿಸುತ್ತ ಬಂದಿದೆ. ಇಲ್ಲಿಯ ನೂಲಿನ ಗಿರಣಿಗಾಗಿ 1885ರಲ್ಲಿ ಸ್ಥಾಪನೆಯಾದ ಕಂಪನಿಯ ಹೆಸರಿನಲ್ಲಿಯೇ ‘ಜಲಶಕ್ತಿ’ ಎಂಬ ಅರ್ಥದ ಮಾತು ಇತ್ತು. ನೀವು ನಿಂತು ನೋಡುವ, ಸುಮಾರು 200 ಮೀಟರ್ ಉದ್ದದ ತೂಗುಸೇತುವೆ, ಗಿರಣಿ, ಕಾರ್ಮಿಕರ ವಸತಿ, ಎಲ್ಲವೂ ಈ ಬೀಳುವಿಕೆಯ ಸುತ್ತ ಬೆಳೆದವು. ಅವುಗಳಿಗಿಂತ ಶತಮಾನಗಳಷ್ಟು ಹಳೆಯದಾದ, ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ಗುಡಿಯೂ ಹಾಗೆಯೇ.

ನಮ್ಮ ಕಡೆ ಇದರ ತಿರುವುಮುರುವು ನಡೆಯುತ್ತದೆ. ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನು ಪಂಪುಗಳಿಂದ ಹಂತಹಂತವಾಗಿ ಮೇಲೆತ್ತಿ ಕವಠೆಮಹಾಂಕಾಳ, ಜತ್ತ ತಾಲೂಕುಗಳ ಕಡೆಗೆ ಒಯ್ಯುತ್ತಾರೆ. ಗೋಕಾಕದಲ್ಲಿ ನೀರು ಇಳಿಯುತ್ತ ವಿದ್ಯುತ್ತನ್ನು ಕೊಡುತ್ತದೆ; ಮ್ಹೈಸಾಳದಲ್ಲಿ ಏರುತ್ತ ವಿದ್ಯುತ್ತನ್ನು ಕೇಳುತ್ತದೆ. ಜತ್ತದ ಹೊಲಕ್ಕೆ ಬರುವ ಪ್ರತಿಯೊಂದು ಕೊಡ ನೀರಿನ ಹಿಂದೆ ಎತ್ತರದ ಲೆಕ್ಕವಿದೆ, ಬಿಲ್ಲಿನ ಲೆಕ್ಕವೂ ಇದೆ. ಘಟಪ್ರಭೆ ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅದರ ನೀರು ಜತ್ತಕ್ಕೆ ಬರಲಾರದು, ನಿಜ. ಆದರೆ ಆ ಹುಡುಗಿಯ ಊರೂ ಗೋಕಾಕವೂ ಇರುವುದು ಒಂದೇ ಕೊಳ್ಳದಲ್ಲಿ. ಒಂದೇ ಸಹ್ಯಾದ್ರಿಯ ಮಳೆಯ ಮೇಲೆ ಎರಡೂ ಕಡೆಯವರ ಬದುಕು ನಿಂತಿದೆ. “ಕೃಷ್ಣೆಯದು” ಎಂದಾಗ ನಾನು ಹೇಳಬೇಕಾಗಿದ್ದದ್ದು ಇದನ್ನು.

ಈ ಸಂಬಂಧಕ್ಕೆ ಇನ್ನೊಂದು ಮುಖವಿದೆ. 2019ರ ಆಗಸ್ಟಿನಲ್ಲಿ ಸಾಂಗ್ಲಿಯ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆಯ ಮಟ್ಟ 57 ಅಡಿಯನ್ನು ದಾಟಿದಾಗ ನಮ್ಮಲ್ಲಿ ಅನೇಕರು ಮನೆ ಬಿಟ್ಟು ಹೊರಗಿದ್ದೆವು. ಅದೇ ದಿನಗಳಲ್ಲಿ ಘಟಪ್ರಭೆ ಗೋಕಾಕ ಪಟ್ಟಣದೊಳಗೆ ನುಗ್ಗಿತ್ತು. ಜಲಪಾತವು ಅತ್ಯಂತ ಭವ್ಯವಾಗಿ ಕಾಣುವ ದಿನವೇ ಕೆಳಗಿನ ಊರಿಗೆ ಅತ್ಯಂತ ಕೆಟ್ಟ ದಿನವಾಗಿರಬಹುದು. ಹಾಗಾಗಿ ಮಹಾಪೂರದ ದೃಶ್ಯ ನೋಡಲೆಂದೇ ಓಡುವುದನ್ನು ನಾನು ಒಪ್ಪುವುದಿಲ್ಲ. ಶ್ರಾವಣದ ಕೊನೆ ಅಥವಾ ಭಾದ್ರಪದ, ಮಳೆ ಹೊಳವಾದ ಒಂದು ದಿನ ಸಾಕು. ಅಂಚಿನ ಬಂಡೆಗಳ ಮೇಲೆ ಹಾವಸೆ ಕಟ್ಟಿರುತ್ತದೆ, ಕಾಲಿಟ್ಟರೆ ಜಾರುತ್ತದೆ. ಮೇಲೆ ಜಲಾಶಯದ ಬಾಗಿಲು ತೆರೆದರೆ, ಇಲ್ಲಿ ಬಿಸಿಲಿದ್ದರೂ ನೀರು ಏರಬಹುದು. ಕಟ್ಟೆಯ ಆಚೆ ಹೋಗಿ ಸೆಲ್ಫಿ ತೆಗೆಯುವವರನ್ನು ಮುಂದಿನ ಪ್ರವಾಸಕ್ಕೆ ಕರೆದೊಯ್ಯುವುದಿಲ್ಲವೆಂದು ಈಗಲೇ ತಿಳಿಸಿಬಿಡುತ್ತೇನೆ.

ಸಮಯ ಉಳಿದರೆ ಮಾರ್ಕಂಡೇಯ ನದಿ ಎರಡು ಮೆಟ್ಟಿಲಾಗಿ ಇಳಿಯುವ ಗೊಡಚಿನಮಲ್ಕಿಗೂ ಹೋಗೋಣ. ಮರುದಿನ ಸವದತ್ತಿಯ ಸಮೀಪದ ನವಿಲುತೀರ್ಥ. ಅಲ್ಲಿ ಮಲಪ್ರಭೆ ಬೀಳುವುದಿಲ್ಲ, ಗುಡ್ಡವನ್ನು ಸೀಳಿಕೊಂಡು ಹೋಗುತ್ತದೆ. ಆ ಕಂಡಿಯಲ್ಲಿಯೇ ಈಗ ಅಣೆಕಟ್ಟು ನಿಂತಿದೆ. ಭೂಗೋಳಶಾಸ್ತ್ರವು ಇಂಥ ಕಂದರಗಳನ್ನು ವಿವರಿಸುವ ಒಂದು ಬಗೆ ಹೀಗೆ: ನದಿ ಮೊದಲು ಎತ್ತರದ ನೆಲದ ಮೇಲೆ ಹರಿಯುತ್ತಿತ್ತು, ಸುತ್ತಲಿನ ಮೆದು ನೆಲ ಸವೆದು ಗಟ್ಟಿ ಗುಡ್ಡ ಹೊರಬಂದಂತೆ ನದಿಯು ತನ್ನ ಜಾಡು ಬಿಡದೆ ಅದನ್ನು ಗರಗಸದಂತೆ ಕೊಯ್ಯುತ್ತ ಇಳಿಯಿತು. ಜನರು ಹೇಳುವ ಕಥೆ ಬೇರೆ. ಗುಡ್ಡದ ಮೇಲಿನ ನವಿಲೊಂದು, ನಿನಗಿಲ್ಲಿ ದಾರಿಯಿಲ್ಲ, ಸುತ್ತು ಹಾಕಿ ಹೋಗು ಎಂದು ಹಂಗಿಸಿತಂತೆ. ಸಿಟ್ಟಿಗೆದ್ದ ಮಲಪ್ರಭೆ ಗುಡ್ಡವನ್ನೇ ಎರಡಾಗಿ ಮಾಡಿ ನಡೆದಳಂತೆ. ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಗೆ ಹೋಗುವ ನಮ್ಮ ಸಾಂಗ್ಲಿ ಕೊಲ್ಲಾಪುರಗಳ ಮರಾಠಿ ಭಕ್ತರ ಬಾಯಲ್ಲಿ ಈ ಕಥೆ ಹೇಗೆ ಬದಲಾಗಿದೆ ಎಂಬುದನ್ನು ಯಾರಾದರೂ ಕೇಳಿ ಬರೆದುಕೊಂಡು ಬಂದರೆ ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಕಾದಿರಿಸಿದ್ದೇನೆ. ನಿಮ್ಮ ಮನೆಯಲ್ಲಿಯೇ ಅಜ್ಜಿಯಿದ್ದರೆ ಮೊದಲು ಅವರನ್ನು ಕೇಳಿರಿ.