ಪೆನ್‌ಡ್ರೈವ್ ಹಿಡೀವಲ್ದು ತಮ್ಮಾ

ದೀಪಾವಳಿ ರಜೆಯಲ್ಲಿ ಉಜ್ಜಿನಿಯ ಮೇಷ್ಟ್ರೊಬ್ಬರು ಕೊಟ್ಟೂರಿನ ನನ್ನ ಅಂಗಡಿಗೆ ಬಂದರು. ಸ್ಕೂಟರಿನಲ್ಲಿ ಕಾಲಸಂದಿಗೆ ಇಟ್ಟುಕೊಂಡು, ಹಳೇ ಟವೆಲ್ ಸುತ್ತಿ ಸಿಪಿಯು ತಂದಿದ್ದರು. "ಪೆನ್‌ಡ್ರೈವ್ ಹಿಡೀವಲ್ದು ತಮ್ಮಾ. ಕೆಟ್ಟೈತಿ ಅಂತ ಹೊಸದು ತಗೊಂಡೆ. ಅದೂ ಹಂಗೇ ಮಾಡ್ತೈತಿ."

"ಪರದೆ ಮೇಲೆ ಏನು ಬಂತು ಸಾರ್?"

"ಏನೋ ಇಂಗ್ಲಿಷಿನಾಗ ಒಂದು ಸಾಲು ಬಂತು. ಬಂದ್ ಮಾಡಿಬಿಟ್ಟೆ."

ಈ ಉತ್ತರ ನನಗೆ ಹೊಸದಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ಹಳೇ ಯಂತ್ರಗಳಲ್ಲಿ ಅದಿಲ್ಲ. ಹಾಗಾಗಿ ಲಿನಕ್ಸ್ ಹಾಕಲು ಮನೆಯಲ್ಲೇ ಕೂತು ಪ್ರಯತ್ನ ಮಾಡಿದವರು ಈಗ ಹೆಚ್ಚು ಬರುತ್ತಾರೆ. ಬಂದವರೆಲ್ಲ ಪೆನ್‌ಡ್ರೈವನ್ನೇ ಬೈಯುತ್ತಾರೆ. ಪರದೆಯ ಆ ಒಂದು ಸಾಲು ಓದಿದ್ದರೆ ಅರ್ಧ ರಿಪೇರಿ ಅಲ್ಲೇ ಆಗುತ್ತಿತ್ತು. "ನೋ ಬೂಟಬಲ್ ಡಿವೈಸ್" ಅಂದರೆ ಯಂತ್ರಕ್ಕೆ ಹೊರಡಲು ಬಾಗಿಲೇ ಸಿಕ್ಕಿಲ್ಲ. ಭಾಷೆ ಆರಿಸುವ ಪುಟದವರೆಗೆ ಬಂದು ನಿಂತಿದ್ದರೆ ಬಾಗಿಲು ಸಿಕ್ಕಿದೆ, ತೊಂದರೆ ಮುಂದೆಲ್ಲೋ ಇದೆ.

ಮೊದಲಿನ ಪೆನ್‌ಡ್ರೈವ್ ತೆರೆದು ನೋಡಿದೆ. ಇಳಿಸಿಕೊಂಡ ಲಿನಕ್ಸ್‌ನ ಐಎಸ್ಒ ಫೈಲನ್ನು ಮೇಷ್ಟ್ರು ಅದರೊಳಗೆ ಕಾಪಿ ಮಾಡಿದ್ದರು, ಅಷ್ಟೇ. ಬೀಜದ ಚೀಲ ಒಯ್ದು ಬದುವಿನ ಮೇಲೆ ಇಟ್ಟು ಬಂದರೆ ಹೊಲ ಬಿತ್ತಿದಂತೆ ಆಗುವುದಿಲ್ಲ. ಚೀಲ ಬಿಚ್ಚಿ ಕೂರಿಗೆಗೆ ಹಾಕಿ ಸಾಲು ಹಿಡಿದು ಬಿತ್ತಬೇಕು. ಇಲ್ಲಿ ಕೂರಿಗೆಯ ಕೆಲಸ ಮಾಡುವುದು ರೂಫಸ್‌ನಂಥ ತಂತ್ರಾಂಶ.

"ಎರಡನೇದು ರೂಫಸ್‌ನಾಗೇ ಮಾಡೀನಿ," ಎಂದು ಹೊಸ ಪೆನ್‌ಡ್ರೈವ್ ಕೊಟ್ಟರು. ನಿಜ. ಆದರೆ ಅಲ್ಲಿ ಜಿಪಿಟಿ ಎಂದು ಆರಿಸಿದ್ದರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗುಂಡಿ ಒತ್ತಿದಾಗ ಮೊದಲು ಏಳುವುದು ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಪುಟ್ಟ ತಂತ್ರಾಂಶ. ಹಳೆಯದಕ್ಕೆ ಬಯೋಸ್ ಎನ್ನುತ್ತಾರೆ. ಅದು ಡಿಸ್ಕಿನ ಮೊಟ್ಟಮೊದಲ 512 ಬೈಟ್ ಓದಿ, ಕೊನೆಯ ಎರಡು ಬೈಟುಗಳಲ್ಲಿ ಗುರುತು ಇದೆಯೇ ನೋಡುತ್ತದೆ. ಗುರುತಿಲ್ಲದಿದ್ದರೆ ಮುಂದಿನ ಡಿಸ್ಕಿಗೆ ಹೋಗುತ್ತದೆ. ಹೊಸದು ಯುಇಎಫ್‌ಐ. ಅದು ಹುಡುಕುವುದು ಇಎಫ್‌ಐ ಎಂಬ ಫೋಲ್ಡರಿನಲ್ಲಿರುವ ಒಂದು ಫೈಲನ್ನು. ರೂಫಸ್‌ನಲ್ಲಿ ಜಿಪಿಟಿ ಆರಿಸಿದರೆ ಯುಇಎಫ್‌ಐ ಯಂತ್ರಕ್ಕೆ ಬೇಕಾದ ಹಾಗೆ ಬರೆಯುತ್ತದೆ. ಮೇಷ್ಟ್ರದು ಬರೀ ಬಯೋಸ್ ಇದ್ದ ಯಂತ್ರ. ಬಯೋಸಿಗೆ ಹೊಂದುವ ಎಂಬಿಆರ್ ಆರಿಸಿ ಮತ್ತೆ ಬರೆದೆ.

ಅಷ್ಟಾದರೂ ಒಂದು ಉಳಿದಿತ್ತು. ಯುಎಸ್‌ಬಿಯನ್ನು ಮೊದಲು ನೋಡು ಎಂದು ಬಯೋಸ್‌ನಲ್ಲಿ ಬದಲಿಸಿ ಉಳಿಸಿದ್ದೆನೆಂದು ಅವರು ಆಣೆ ಮಾಡಿ ಹೇಳುತ್ತಿದ್ದರು. ನಾನು ನಂಬಿದೆ, ಏಕೆಂದರೆ ಯಂತ್ರದ ಗಡಿಯಾರ ಎಷ್ಟೋ ವರ್ಷ ಹಿಂದಿನ ಜನವರಿ 1 ತೋರಿಸುತ್ತಿತ್ತು. ಮದರ್‌ಬೋರ್ಡಿನ ನಾಣ್ಯದಂಥ 3 ವೋಲ್ಟಿನ ಸೆಲ್, ಸಿಆರ್2032, ಸತ್ತಿತ್ತು. ಸೆಲ್ ಸತ್ತ ಇಂಥ ಯಂತ್ರ ಕರೆಂಟ್ ಹೋದೊಡನೆ ಹೇಳಿದ್ದನ್ನೆಲ್ಲ ಮರೆಯುತ್ತದೆ. ನಮ್ಮೂರುಗಳಲ್ಲಿ ಕರೆಂಟ್ ಹೋಗದ ದಿನ ಯಾವುದು? ಸೆಲ್ ಬದಲಿಸಿದೆ. ಸೆಲ್ ಸರಿ ಇದ್ದವರಿಗೂ ಒಂದು ಮಾತು: ಕ್ರಮ ಬದಲಿಸುವ ಬದಲು ಆ ಸಲಕ್ಕೆ ಮಾತ್ರ ಬೂಟ್ ಮೆನು ತೆರೆಯುವುದೇ ಸುಲಭ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9.

ಹೊಸ ಲ್ಯಾಪ್‌ಟಾಪ್‌ಗಳ ಕಾಟ ಬೇರೆ. ವಿಂಡೋಸ್ ಹಾಕುವಾಗ ಡಿಸ್ಕೇ ಕಾಣದಿದ್ದರೆ ಎಸ್‌ಎಸ್‌ಡಿ ಹೋಯಿತೆಂದು ದುಡ್ಡು ಕಳೆಯಬೇಡಿ. ಇಂಟೆಲ್ 11ನೇ ತಲೆಮಾರಿನಿಂದ ಈಚಿನ ಎಷ್ಟೋ ಯಂತ್ರಗಳಿಗೆ ಆ ಹೊತ್ತಿನಲ್ಲಿ ಇಂಟೆಲ್‌ನ ಡ್ರೈವರ್ ಕೊಡಬೇಕು, ಆಗ ಡಿಸ್ಕ್ ಕಾಣುತ್ತದೆ. ಇನ್ನು ಯಂತ್ರ ಯಾವುದೇ ಇರಲಿ, ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಇಳಿಸಿದ ಐಎಸ್ಒ ಎಲ್ಲೋ ಹರಿದಿರಬಹುದು. ಇಳಿಸಿದ ಜಾಲತಾಣದಲ್ಲಿ ಕೊಟ್ಟಿರುವ ಎಸ್‌ಎಚ್‌ಎ256 ಸಂಖ್ಯೆಯನ್ನು ನಿಮ್ಮ ಫೈಲಿನದರ ಜೊತೆ ತಾಳೆ ನೋಡಿದರೆ ತಿಳಿಯುತ್ತದೆ.

ನಾನು ಈ ಕೆಲಸಕ್ಕೆ ಬಿದ್ದದ್ದು ಒಂದು ಸಿಡಿಯಿಂದ. 2011ರವರೆಗೂ ಉಬುಂಟು ಎಂಬ ಲಿನಕ್ಸ್‌ನ ಕಂಪನಿಯವರು ಕೇಳಿದವರಿಗೆ ಪುಕ್ಕಟೆ ಸಿಡಿ ಕಳಿಸುತ್ತಿದ್ದರು. ನನ್ನದು ಉಜ್ಜಿನಿಯ ಮನೆಗೆ ಅಂಚೆಯಲ್ಲಿ ಬಂದದ್ದು ಜಾತ್ರೆಯ ವಾರ. ಮರುಳಸಿದ್ಧೇಶ್ವರ ಗುಡಿಯ ಶಿಖರಕ್ಕೆ ಎಣ್ಣೆ ಎರೆಯುವುದನ್ನು ನೋಡಲು ಮನೆಮಂದಿಯೆಲ್ಲ ಹೋಗಿದ್ದರು. ನಾನೊಬ್ಬನೇ ಕೂತು ಸಿಡಿ ಹಾಕಿ, "ಇಡೀ ಡಿಸ್ಕ್ ಬಳಸು" ಎಂಬುದನ್ನು ಒತ್ತಿದೆ. ಅಕ್ಕ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದ ಬಿ.ಇಡಿ. ಪಾಠಯೋಜನೆಗಳೆಲ್ಲ ಅಳಿಸಿಹೋದವು. ಅಕ್ಕ ಒಂದು ಮಾತೂ ಬೈಯಲಿಲ್ಲ, ಮತ್ತೆ ಮೊದಲಿಂದ ಬರೆಯಲು ಕೂತಳು. ಅವಳ ಬೆನ್ನು ಇವತ್ತಿಗೂ ನನ್ನ ಕಣ್ಣಮುಂದಿದೆ.

ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು ಎಂದು ನಮ್ಮ ಕಡೆ ಮಾತಿದೆ. ನನ್ನ ಅಂಗಡಿಗೆ ಬಂದ ಯಂತ್ರವನ್ನೂ ಮೊದಲು ಒಳಗೆ ನೋಡುತ್ತೇನೆ. ಲಿನಕ್ಸ್‌ನ ಲೈವ್ ಪೆನ್‌ಡ್ರೈವ್ ಏನನ್ನೂ ಅಳವಡಿಸದೆ ಯಂತ್ರವನ್ನು ಎಬ್ಬಿಸುತ್ತದೆ. ಅದರಲ್ಲಿ ಹಳೇ ಡಿಸ್ಕ್ ತೆರೆದು ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ಎತ್ತಿಡಬಹುದು. ಮೇಷ್ಟ್ರ ಯಂತ್ರದಲ್ಲಿ ವರ್ಷಗಟ್ಟಲೆಯ ಪ್ರಶ್ನೆಪತ್ರಿಕೆಗಳಿದ್ದವು. ಅವನ್ನು ಎತ್ತಿಟ್ಟು, ತೆರೆದು ತೋರಿಸಿ, ಅವರು ತಲೆಯಾಡಿಸಿದ ಮೇಲೆಯೇ ಅಳವಡಿಕೆಗೆ ಕೈ ಹಾಕಿದೆ.

ಅವರು ಇಳಿಸಿದ್ದು ಡೆಬಿಯನ್ ಎಂಬ ಲಿನಕ್ಸ್. ಅದನ್ನು ಹಾಕುವಾಗ ಚಿತ್ರಮಯ ಪುಟಗಳನ್ನು ಆರಿಸಿಕೊಂಡರೆ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇರುತ್ತದೆ. ಮೇಷ್ಟ್ರು ಕುರ್ಚಿ ಎಳೆದುಕೊಂಡು ನನ್ನ ಕೈಯಿಂದ ಮೌಸ್ ತಗೊಂಡರು. ಕನ್ನಡ ಎಂಬುದನ್ನು ಒತ್ತಿದರು. ಕನ್ನಡಕ ಏರಿಸಿ, ಒಂದೊಂದು ಪುಟವನ್ನೂ ಗಟ್ಟಿಯಾಗಿ ಓದಿದ ಮೇಲೆಯೇ ಮುಂದಿನದಕ್ಕೆ ಹೋದರು.